ದಾನಿಯ ಮೂಳೆಯಿಂದ ದವಡೆ ಕಟ್ಟುವುದು: ನನ್ನ ಅನುಭವ

"ನಿಮ್ಮ ದವಡೆಯಲ್ಲಿ ಮೂಳೆ ಸಾಲದು, ಇಂಪ್ಲಾಂಟ್ ಹಾಕುವ ಮೊದಲು ಬೋನ್ ಗ್ರಾಫ್ಟ್ ಮಾಡಬೇಕು" ಎಂದು ಹೇಳುವುದು ನನ್ನ ದಿನನಿತ್ಯದ ಕೆಲಸ. ಇಂಪ್ಲಾಂಟ್ ಅಂದರೆ ಹೋದ ಹಲ್ಲಿನ ಬೇರಿನ ಬದಲು ದವಡೆಯಲ್ಲಿ ಕೂರಿಸುವ ತಿರುಪು, ಬೋನ್ ಗ್ರಾಫ್ಟ್ ಅಂದರೆ ಮೂಳೆ ಸಾಲದ ಕಡೆ ಮೂಳೆ ತುಂಬುವುದು. ಬೋನ್ ಗ್ರಾಫ್ಟ್ ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಏನೋ ಔಷಧದ ಪುಡಿ ಇರಬೇಕು ಅಂದುಕೊಳ್ಳುತ್ತಾರೆ. ಅದು ಇನ್ನೊಬ್ಬ ಮನುಷ್ಯನ ಮೂಳೆ ಎಂದು ಹೇಳಿದಾಗ ಮಾತ್ರ ಮುಖ ಬದಲಾಗುತ್ತದೆ. ಹೇಳದಿದ್ದರೆ ಹೆಚ್ಚಿನವರು ಕೇಳುವುದೂ ಇಲ್ಲ. ಆದರೆ ಹೇಳದೆ ಹಾಕಲು ನನಗೆ ಮನಸ್ಸು ಒಪ್ಪುವುದಿಲ್ಲ. ಯಾರದೋ ದೇಹದ ಒಂದು ಭಾಗ ಅದು, ಇನ್ನೊಬ್ಬರ ದೇಹಕ್ಕೆ ಹೋಗುತ್ತಿದೆ. ಇಬ್ಬರ ಕಡೆಯಿಂದಲೂ ಒಪ್ಪಿಗೆ ಇರಬೇಕು.

ನಾನು ಪೆರಿಯೊಡಾಂಟಿಸ್ಟ್, ಅಂದರೆ ಒಸಡು ಮತ್ತು ಅದರ ಕೆಳಗಿನ ಮೂಳೆಯ ಡಾಕ್ಟರ್. ಕೆಲಸ ಶಿವಮೊಗ್ಗದಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು ಜಾಸ್ತಿ ಬರುತ್ತಾರೆ. ದಾನಿಯ ಮೂಳೆ ಬಳಸುವ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ಏನೂ ಸರಿಯಾಗಿ ಸಿಗುವುದಿಲ್ಲ ಎಂದು ರೋಗಿಗಳೇ ಹೇಳುತ್ತಿರುತ್ತಾರೆ. ಹಾಗಾಗಿ ನಾನು ಇದನ್ನು ಹೇಗೆ ಮಾಡುತ್ತೇನೆ, ಯಾಕೆ ಹಾಗೆ ಮಾಡುತ್ತೇನೆ ಎಂದು ಬರೆಯುತ್ತಿದ್ದೇನೆ.

ಮೊದಲು ಮೂಳೆ ಯಾಕೆ ಕರಗುತ್ತದೆ ಎಂಬುದು. ಹಲ್ಲಿನ ಬೇರನ್ನು ಸುತ್ತುವರಿದ ಮೂಳೆಯ ಒಳಪದರ ಇರುವುದೇ ಆ ಹಲ್ಲಿಗಾಗಿ. ಹಲ್ಲು ಹೋಯಿತು ಅಂದರೆ ಅದಕ್ಕೆ ಕೆಲಸವಿಲ್ಲ, ದೇಹ ಅದನ್ನು ನಿಧಾನವಾಗಿ ವಾಪಸ್ ತೆಗೆದುಕೊಳ್ಳುತ್ತದೆ. ತುಟಿ, ಕೆನ್ನೆಯ ಕಡೆಯ ಗೋಡೆ ಮೊದಲೇ ತೆಳು. ಮುಂದಿನ ಹಲ್ಲುಗಳಲ್ಲಿ ಎಷ್ಟೋ ಜನರಿಗೆ ಅದು 1 ಮಿ.ಮೀ. ಕೂಡ ಇರುವುದಿಲ್ಲ. ಹಾಗಾಗಿ ಮೂಳೆ ಹೊರಗಡೆಯಿಂದ ಒಳಕ್ಕೆ ಕುಸಿಯುತ್ತದೆ, ಎತ್ತರಕ್ಕಿಂತ ಅಗಲ ಬೇಗ ಹೋಗುತ್ತದೆ. ಡೆನ್ಮಾರ್ಕಿನಲ್ಲಿ ಹಿಂದಿನ ಹಲ್ಲು ಕಿತ್ತವರನ್ನು ಒಂದು ವರ್ಷ ಅಳೆದು ನೋಡಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವರ್ಷದೊಳಗೆ ದವಡೆಯ ಏಣಿನ ಅಗಲ ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು, ಹೋದದ್ದರಲ್ಲಿ ಮೂರರಲ್ಲಿ ಎರಡು ಪಾಲು ಮೊದಲ 3 ತಿಂಗಳಲ್ಲೇ ಹೋಗಿತ್ತು. ನಮ್ಮ ಕಡೆ ಹಲ್ಲು ಕೀಳಿಸಿ ಹತ್ತು ಹದಿನೈದು ವರ್ಷ ಹಾಗೇ ಬಿಟ್ಟವರು ಬೇಕಾದಷ್ಟು ಜನ. "ಒಂದು ಹಲ್ಲು ತಾನೆ, ಆ ಕಡೆಯಿಂದ ಅಗಿದರಾಯಿತು" ಎಂದು. ಅವರ ದವಡೆ ಮುಟ್ಟಿದರೇ ಗೊತ್ತಾಗುತ್ತದೆ, ಬೆರಳಿಗೆ ಚೂಪಾದ ಏಣು ಸಿಗುತ್ತದೆ.

ಒಬ್ಬರ ಕಥೆ ಹಿಡಿದು ಹೇಳಿದರೆ ಸುಲಭ. ಸಾಗರದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು. ಕೆಳಗಿನ ಎಡಗಡೆಯ ದವಡೆ ಹಲ್ಲು ಕೀಳಿಸಿ ಬಹಳ ವರ್ಷವಾಗಿತ್ತು. ಪಕ್ಕದ ಹಲ್ಲುಗಳು ಗಟ್ಟಿಯಾಗಿದ್ದವು. ಅವನ್ನು ಸವೆಸಿ ಬ್ರಿಜ್ ಕಟ್ಟುವುದು ಅವರಿಗೂ ಬೇಡ, ನನಗೂ ಬೇಡ. ಸಿಬಿಸಿಟಿ ಸ್ಕ್ಯಾನ್ ಮಾಡಿಸಿದೆ. ಮಾಮೂಲಿ ಎಕ್ಸ್‌ರೇಯಲ್ಲಿ ಎತ್ತರ ಮಾತ್ರ ಕಾಣುತ್ತದೆ, ಅಗಲ ಕಾಣುವುದಿಲ್ಲ. ಸ್ಕ್ಯಾನಿನಲ್ಲಿ ದವಡೆಯನ್ನು ಅಡ್ಡಕ್ಕೆ ಕೊಯ್ದು ನೋಡಿದ ಹಾಗೆ ಕಾಣುತ್ತದೆ. ಎತ್ತರ ಚೆನ್ನಾಗಿತ್ತು, ಕೆಳಗೆ ಹಾದುಹೋಗುವ ನರದವರೆಗೆ 13 ಮಿ.ಮೀ. ಅಗಲ ಮಾತ್ರ ಮೇಲ್ಗಡೆ 4 ಮಿ.ಮೀ.ಗೂ ಕಡಿಮೆ. ಅಲ್ಲಿ 4 ಮಿ.ಮೀ. ದಪ್ಪದ ಇಂಪ್ಲಾಂಟ್ ಕೂರಬೇಕು, ಅದರ ಎರಡೂ ಕಡೆ ಒಂದೂವರೆ ಮಿ.ಮೀ. ಆದರೂ ಗಟ್ಟಿ ಮೂಳೆ ಉಳಿಯಬೇಕು. ಅಂದರೆ 7 ಮಿ.ಮೀ. ಬೇಕು. ಇರುವುದರಲ್ಲೇ ಹೇಗೋ ತೂರಿಸಿದರೆ ಕೆನ್ನೆಯ ಕಡೆಯ ತೆಳು ಗೋಡೆ ವರ್ಷದೊಳಗೆ ಕರಗಿ ಇಂಪ್ಲಾಂಟಿನ ತಿರುಪಿನ ಸುತ್ತುಗಳು ಒಸಡಿನ ಕೆಳಗೆ ಬೋಳಾಗಿ ನಿಲ್ಲುತ್ತವೆ. ಆಮೇಲೆ ಕೀವು, ವಾಸನೆ. ಕೊನೆಗೆ ಇಂಪ್ಲಾಂಟೂ ಹೋಗುತ್ತದೆ, ಇದ್ದ ಮೂಳೆಯೂ ಹೋಗುತ್ತದೆ.

ಮೂಳೆ ಎಲ್ಲಿಂದ ತರುವುದು? ನಾಲ್ಕು ದಾರಿ ಇವೆ. ರೋಗಿಯ ಸ್ವಂತ ಮೂಳೆ, ಬೇರೆ ಮನುಷ್ಯರ ಮೂಳೆ, ಪ್ರಾಣಿಯ ಮೂಳೆ, ಇಲ್ಲ ಪ್ರಯೋಗಾಲಯದಲ್ಲಿ ಮಾಡಿದ ಕ್ಯಾಲ್ಸಿಯಂ ಫಾಸ್ಫೇಟ್ ಪುಡಿ. ಸ್ವಂತ ಮೂಳೆಯಷ್ಟು ಒಳ್ಳೆಯದು ಯಾವುದೂ ಇಲ್ಲ, ಅದರಲ್ಲಿ ಜೀವಂತ ಕೋಶಗಳಿರುತ್ತವೆ. ಆದರೆ ಅದನ್ನು ತೆಗೆಯಲು ಬುದ್ಧಿಹಲ್ಲಿನ ಹಿಂದೆಯೋ ಗದ್ದದಲ್ಲೋ ಇನ್ನೊಂದು ಗಾಯ ಮಾಡಬೇಕು. ಗದ್ದದಿಂದ ತೆಗೆದರೆ ಕೆಳಗಿನ ಮುಂದಿನ ಹಲ್ಲುಗಳು ಜೋಮು ಹಿಡಿದ ಹಾಗೆ ಇರುತ್ತವೆ ಎಂದು ಕೆಲವರು ತಿಂಗಳುಗಟ್ಟಲೆ ಹೇಳುತ್ತಾರೆ. ಒಂದೆರಡು ಹಲ್ಲಿನ ಜಾಗಕ್ಕೆ ಅರವತ್ತು ದಾಟಿದವರಿಗೆ ಅಷ್ಟು ಕಷ್ಟ ಯಾಕೆ ಕೊಡಬೇಕು? ಪ್ರಾಣಿಯದು ಅಂದರೆ ಹೆಚ್ಚಾಗಿ ದನದ ಮೂಳೆ. ಆಕಾರ ಹಿಡಿದಿಡುವುದರಲ್ಲಿ ಅದು ಬಹಳ ಗಟ್ಟಿ. ಆದರೆ ಬೇಗ ಕರಗುವುದಿಲ್ಲ, ವರ್ಷಗಳಾದರೂ ಅದರ ಕಣಗಳು ಅಲ್ಲೇ ಇರುತ್ತವೆ. ಅದಕ್ಕಿಂತ ಮುಖ್ಯವಾಗಿ ನಮ್ಮ ಕಡೆ ಅದನ್ನು ಒಪ್ಪದವರು ತುಂಬಾ ಜನ. ಹಂದಿಯಿಂದ ಮಾಡಿದ ಮೆಂಬ್ರೇನ್, ಅಂದರೆ ತುಂಬಿದ ಮೂಳೆಯ ಮೇಲೆ ಮುಚ್ಚುವ ತೆಳು ಹಾಳೆ, ಅದನ್ನು ಒಪ್ಪದವರೂ ಇದ್ದಾರೆ. ಆದ್ದರಿಂದ ಯಾರ ಬಳಿಯೂ ನಾನು ಇದನ್ನು ಊಹೆ ಮಾಡಿಕೊಳ್ಳುವುದಿಲ್ಲ. ಹೆಸರು ನೋಡಿ, ಹಣೆ ನೋಡಿ ತೀರ್ಮಾನ ಮಾಡುವ ವಿಷಯವಲ್ಲ ಇದು. ಎಲ್ಲರನ್ನೂ ಕೇಳುತ್ತೇನೆ.

ಮೇಷ್ಟ್ರಿಗೆ ದಾನಿಯ ಮೂಳೆ ಅಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಡಾಕ್ಟ್ರೇ, ಸತ್ತವರ ಮೂಳೆ ನನ್ನ ಬಾಯಿಗಾ?" ಅಂದರು. ಅವರ ಮನೆಯವರು ಪಕ್ಕದಲ್ಲೇ ಕೂತಿದ್ದರು. "ಯಾರದು ಅಂತಲೂ ಗೊತ್ತಾಗಲ್ವಾ?" ಎಂದು ಅವರು ಕೇಳಿದರು.

"ಹೆಸರು ಗೊತ್ತಾಗಲ್ಲ ಅಮ್ಮಾ. ಆದರೆ ಯಾವ ಬ್ಯಾಂಕಿನಿಂದ ಬಂತು, ಯಾವ ಬ್ಯಾಚು, ಏನೇನು ಪರೀಕ್ಷೆ ಆಗಿದೆ ಎಲ್ಲ ಗೊತ್ತಾಗುತ್ತೆ. ಮತ್ತೆ ಮೇಷ್ಟ್ರೇ, ಎಲ್ಲಾ ಸತ್ತವರದ್ದೇ ಆಗಿರಬೇಕು ಅಂತಿಲ್ಲ" ಎಂದೆ.

ಇದು ಎಷ್ಟೋ ಜನರಿಗೆ ಗೊತ್ತಿಲ್ಲದ ವಿಷಯ. ಸೊಂಟದ ಕೀಲು ಬದಲಿಸುವ ಆಪರೇಷನ್ ಮಾಡುವಾಗ ತೊಡೆಮೂಳೆಯ ಮೇಲಿನ ಉಂಡೆಯನ್ನು ತೆಗೆದುಬಿಡುತ್ತಾರೆ. ಸುಮ್ನೆ ಬಿಸಾಡುವುದಕ್ಕಿಂತ ಆ ರೋಗಿಯ ಒಪ್ಪಿಗೆ ಪಡೆದು ಅದನ್ನು ಟಿಶ್ಯೂ ಬ್ಯಾಂಕಿಗೆ ಕೊಡುತ್ತಾರೆ. ಕೊಟ್ಟವರು ಹೊಸ ಕೀಲು ಹಾಕಿಸಿಕೊಂಡು ಓಡಾಡಿಕೊಂಡಿರುತ್ತಾರೆ. ಮೃತರ ದೇಹದಿಂದ, ಮನೆಯವರ ಒಪ್ಪಿಗೆ ಪಡೆದು ತೆಗೆದುಕೊಳ್ಳುವ ಮೂಳೆಯೂ ಇದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಟಿಶ್ಯೂ ಬ್ಯಾಂಕ್ 1988ರಲ್ಲಿ ಶುರುವಾಯಿತು. ವಿಕಿರಣದಿಂದ ಅಂಗಾಂಶಗಳನ್ನು ಶುದ್ಧ ಮಾಡುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಕಾರ್ಯಕ್ರಮದ ಬೆಂಬಲ ಅದಕ್ಕಿತ್ತು. ನಾವು ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಓದುವಾಗ ಮೊದಲು ಕೈಗೆ ಬಂದ ದಾನಿಯ ಮೂಳೆ ಅಲ್ಲಿಯದೇ. ನಮ್ಮ ದೇಶದ ಡೆಂಟಲ್ ಕಾಲೇಜುಗಳಲ್ಲಿ ಅದನ್ನು ಬಹಳ ಬಳಸಿದ್ದಾರೆ. ಹೊರದೇಶದಿಂದ ಬರುವ ಮೂಳೆಯೂ ಸಿಗುತ್ತದೆ, ದುಬಾರಿ.

ಮೂಳೆ ಬಂದ ಹಾಗೇ ಬಾಟಲಿಗೆ ಹೋಗುವುದಿಲ್ಲ. ದಾನಿಯ ಆರೋಗ್ಯದ ಪೂರ್ವಾಪರ ವಿಚಾರಿಸುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಪರೀಕ್ಷೆ ಆಗುತ್ತದೆ. ಆಮೇಲೆ ಮಜ್ಜೆ, ರಕ್ತ, ಕೊಬ್ಬು ಹೋಗುವಷ್ಟು ತೊಳೆಯುತ್ತಾರೆ. ಹೆಪ್ಪುಗಟ್ಟಿಸಿ, ನೀರಿನಂಶ ಎಳೆದು ಒಣಗಿಸಿ ಪುಡಿ ಮಾಡುತ್ತಾರೆ. ಕೊನೆಗೆ ಮೊಹರಾದ ಪ್ಯಾಕಿನ ಸಮೇತ ಗಾಮಾ ಕಿರಣಕ್ಕೆ ಒಡ್ಡುತ್ತಾರೆ, ಸಾಮಾನ್ಯವಾಗಿ 25 ಕಿಲೊಗ್ರೇ ಪ್ರಮಾಣ. ಉಳಿಯುವುದು ಹೆಚ್ಚಾಗಿ ಮೂಳೆಯ ಖನಿಜ ಮತ್ತು ಕೊಲಾಜನ್ ಎಂಬ ನಾರಿನಂಥ ಪ್ರೋಟೀನು. ಜೀವಕೋಶ ಉಳಿದಿರುವುದಿಲ್ಲ. ಅದಕ್ಕೇ ಕಿಡ್ನಿ ಕಸಿಯ ಹಾಗೆ ರಕ್ತದ ಗುಂಪು ಹೊಂದಿಸುವುದು, ಜೀವನಪೂರ್ತಿ ಮಾತ್ರೆ ನುಂಗುವುದು ಇಲ್ಲಿಲ್ಲ.

ಈ ಕಿರಣದ ವಿಷಯದಲ್ಲಿ ನಾನು ಹಟಮಾರಿ. 2021ರಲ್ಲಿ ಅಮೆರಿಕದಲ್ಲಿ ಒಬ್ಬ ದಾನಿಯಿಂದ ಮಾಡಿದ, ಜೀವಕೋಶ ಉಳಿಸಿಕೊಂಡಿದ್ದ ಮೂಳೆಯ ಉತ್ಪನ್ನ ನೂರಕ್ಕೂ ಹೆಚ್ಚು ರೋಗಿಗಳಿಗೆ ಹೋಯಿತು, ಹೆಚ್ಚಾಗಿ ಬೆನ್ನುಮೂಳೆಯ ಆಪರೇಷನ್‌ಗಳಲ್ಲಿ. ಅವರಲ್ಲಿ ಬಹಳ ಜನರಿಗೆ ಟಿಬಿ ಬಂತು, ಕೆಲವರು ತೀರಿಕೊಂಡರು. 2023ರಲ್ಲಿ ಅಂಥದ್ದೇ ಇನ್ನೊಂದು ಘಟನೆ ಆಯಿತು. ಆ ಸಲ ಅದು ಹಲ್ಲಿನ ಕ್ಲಿನಿಕ್‌ಗಳಿಗೂ ಹೋಗಿತ್ತು. ಜೀವಕೋಶ ಉಳಿಸಬೇಕು ಅಂದರೆ ಕಿರಣ ಹಾಯಿಸುವಂತಿಲ್ಲ, ಸಮಸ್ಯೆ ಇರುವುದು ಅಲ್ಲಿ. ಟಿಬಿ ಇಷ್ಟೊಂದು ಇರುವ ನಮ್ಮ ದೇಶದಲ್ಲಿ ಕೂತು ನಾನು ಒಣಗಿಸಿ ಕಿರಣ ಹಾಯಿಸಿದ್ದನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ. ಪ್ಯಾಕಿನ ಮೇಲೆ ಅದು ಬರೆದಿರಬೇಕು. ಬರೆದಿಲ್ಲ ಅಂದರೆ ಆ ಪ್ಯಾಕ್ ವಾಪಸ್.

ಕಾನೂನಿನ ಮಾತೂ ಒಂದಿದೆ. ಅಂಗಾಂಗ ಕಸಿ ಕಾಯ್ದೆ 1994ರಲ್ಲಿ ಬಂದಾಗ ಅದರಲ್ಲಿ ಅಂಗಗಳಷ್ಟೇ ಇದ್ದವು. 2011ರ ತಿದ್ದುಪಡಿಯಲ್ಲಿ ಅಂಗಾಂಶವೂ ಸೇರಿತು, 2014ರಲ್ಲಿ ನಿಯಮಗಳು ಬಂದವು. ಮೂಳೆಯೂ ಅದರೊಳಗೆ ಬರುತ್ತದೆ. ಟಿಶ್ಯೂ ಬ್ಯಾಂಕ್ ನಡೆಸಲು ನೋಂದಣಿ ಬೇಕೇ ಬೇಕು.

ಮೇಷ್ಟ್ರು ಆ ದಿನ ಒಪ್ಪಲಿಲ್ಲ. ಮನೆಗೆ ಹೋಗಿ ಯೋಚನೆ ಮಾಡಿ ಹೇಳುತ್ತೇನೆ ಅಂದರು. ನಾನೂ ಒತ್ತಾಯ ಮಾಡಲಿಲ್ಲ, ಮಾಡಲೂಬಾರದು. ಒಪ್ಪದಿದ್ದರೆ ಸಿಂಥೆಟಿಕ್ ಪುಡಿ ಇದೆ, ಇಲ್ಲ ತೆಗೆದಿಡುವ ಹಲ್ಲಿನ ಸೆಟ್ ಇದೆ. ಕೆಲವು ದಿನ ಬಿಟ್ಟು ಫೋನ್ ಮಾಡಿದರು. "ಕಣ್ಣು ದಾನ ತಗೊಳ್ಳೋದು ತಪ್ಪಲ್ಲ ಅಂದಮೇಲೆ ಇದೂ ತಪ್ಪಲ್ಲ ಅನ್ನಿಸ್ತು" ಅಂದರು.

ಇನ್ನು ಯಾವ ಬಗೆಯ ದಾನಿ ಮೂಳೆ ಎಂಬುದು. ಎರಡು ಇವೆ. ಒಂದು, ಒಣಗಿಸಿ ಹಾಗೇ ಪುಡಿ ಮಾಡಿದ್ದು, ನಾವು ಎಫ್‌ಡಿಬಿಎ ಅನ್ನುತ್ತೇವೆ. ಇನ್ನೊಂದರಲ್ಲಿ ಆಮ್ಲದಿಂದ ಖನಿಜವನ್ನು ತೆಗೆದಿರುತ್ತಾರೆ, ಅದು ಡಿಎಫ್‌ಡಿಬಿಎ. ಖನಿಜ ತೆಗೆಯುವುದು ಯಾಕೆ ಅಂದರೆ, ಮಾರ್ಷಲ್ ಯುರಿಸ್ಟ್ ಎಂಬ ಅಮೆರಿಕದ ಮೂಳೆ ಸರ್ಜನ್ 1965ರಲ್ಲಿ ಒಂದು ವಿಷಯ ತೋರಿಸಿದರು. ಖನಿಜ ತೆಗೆದ ಮೂಳೆಯನ್ನು ಪ್ರಾಣಿಯ ಸ್ನಾಯುವಿನೊಳಗೆ ಇಟ್ಟರೆ, ಮೂಳೆಯೇ ಇರಬಾರದ ಆ ಜಾಗದಲ್ಲಿ ಹೊಸ ಮೂಳೆ ಹುಟ್ಟುತ್ತದೆ. ಮೂಳೆಯೊಳಗೇ ಅಡಗಿರುವ ಪ್ರೋಟೀನುಗಳು ಅದಕ್ಕೆ ಕಾರಣ. ಖನಿಜ ಹೋದಾಗ ಅವು ಹೊರಗೆ ತೆರೆದುಕೊಳ್ಳುತ್ತವೆ. 2012ರಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಿಂದ ಬಂದ ಅಧ್ಯಯನದಲ್ಲಿ ಹಲ್ಲು ಕಿತ್ತ ಗುಳಿಗಳಿಗೆ ಎರಡನ್ನೂ ಬೇರೆ ಬೇರೆ ಹಾಕಿ ಆಮೇಲೆ ಚೂರು ತೆಗೆದು ನೋಡಿದರು. ಡಿಎಫ್‌ಡಿಬಿಎ ಹಾಕಿದ್ದರಲ್ಲಿ ಹೊಸ ಜೀವಂತ ಮೂಳೆ ಸುಮಾರು 38%, ಎಫ್‌ಡಿಬಿಎ ಹಾಕಿದ್ದರಲ್ಲಿ ಸುಮಾರು 25%. ಹಾಗಂತ ಯಾವಾಗಲೂ ಡಿಎಫ್‌ಡಿಬಿಎ ಹಾಕಿದರಾಯಿತು ಅಂತಲ್ಲ. ಅದು ಮೆತ್ತಗೆ, ಬೇಗ ಕರಗುತ್ತದೆ. ದಾನಿಯ ವಯಸ್ಸು, ಬ್ಯಾಚು ಬದಲಾದ ಹಾಗೆ ಅದರ ಶಕ್ತಿಯೂ ಬದಲಾಗುತ್ತದೆ. ನಾಲ್ಕೂ ಕಡೆ ಗೋಡೆ ಇರುವ ಗುಳಿಗೆ ಅದು ಚೆನ್ನ. ಮೇಷ್ಟ್ರ ದವಡೆಯ ಹಾಗೆ ಹೊರಗಡೆ ಗೋಡೆಯೇ ಇಲ್ಲದ ಕಡೆ ಆಕಾರ ನಿಲ್ಲಬೇಕು, ಅಲ್ಲಿ ಖನಿಜ ಇರುವ ಎಫ್‌ಡಿಬಿಎಯನ್ನೇ ಹೆಚ್ಚಾಗಿ ಹಾಕುತ್ತೇನೆ. ಜೊತೆಗೆ ಅಲ್ಲೇ ದವಡೆಯಿಂದ ಕೆರೆದ ಸ್ವಲ್ಪ ಸ್ವಂತ ಮೂಳೆ ಬೆರೆಸುತ್ತೇನೆ.

ರೋಗಿಗಳಿಗೆ ನಾನು ಹೇಳುವುದು ಇಷ್ಟು. ಹಾಗಲ ಬಳ್ಳಿಗೆ ಚಪ್ಪರ ಹಾಕುತ್ತೇವಲ್ಲ, ದಾನಿಯ ಮೂಳೆ ಆ ಚಪ್ಪರ. ಬಳ್ಳಿ ನಿಮ್ಮದೇ. ನಿಮ್ಮ ರಕ್ತನಾಳ ಅದರೊಳಗೆ ಹೋಗಬೇಕು, ನಿಮ್ಮ ಕೋಶಗಳು ಅದರ ಮೇಲೆ ಮೂಳೆ ಕಟ್ಟಬೇಕು. ಆ ರಕ್ತನಾಳಕ್ಕೆ ಹೊಗೆ, ತಂಬಾಕು, ಏರಿದ ಶುಗರ್ ಎಲ್ಲವೂ ಶತ್ರು.

ಮೇಷ್ಟ್ರ ಶುಗರ್ ಹತೋಟಿಯಲ್ಲಿತ್ತು, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಶುಗರಿನ ಸರಾಸರಿ ತೋರಿಸುವ ಪರೀಕ್ಷೆ) 7ಕ್ಕಿಂತ ಕೆಳಗೆ. ತೊಂದರೆ ಇದ್ದದ್ದು ಕವಳದ್ದು, ಅಂದರೆ ಎಲೆಯಡಿಕೆಯದ್ದು. ಮಲೆನಾಡಿನಲ್ಲಿ ಊಟವಾದ ಮೇಲೆ ಕವಳ ಹಾಕಬೇಡಿ ಅನ್ನುವುದು ಸಣ್ಣ ಮಾತಲ್ಲ, ನನಗೂ ಗೊತ್ತು. ಆದರೆ ಸುಣ್ಣ, ಅಡಿಕೆ, ತಂಬಾಕು ಮೂರೂ ಆ ಹೊಲಿಗೆಯ ಮೇಲೇ ಬಂದು ಕೂರುತ್ತವೆ. ಒಂದು ತಿಂಗಳು ಮುಂಚೆ ಬಿಡಿಸಿದೆ, ಅಷ್ಟರಲ್ಲಿ ಹಲ್ಲು ಕ್ಲೀನ್ ಮಾಡಿ ಒಸಡಿನ ಊತ ಇಳಿಸಿದೆ. ಒಸಡು ರಕ್ತ ಸೋರುತ್ತಿರುವಾಗ ಗ್ರಾಫ್ಟ್ ಮಾಡುವುದು ಬೇಡ. ಹೊಲಿಗೆ ನಿಲ್ಲುವುದೇ ಇಲ್ಲ.

ಆಪರೇಷನ್ ದಿನ. ಮೊದಲು ಕೈಯಿಂದ ರಕ್ತ ತೆಗೆದು ಸೆಂಟ್ರಿಫ್ಯೂಜ್‌ಗೆ ಹಾಕಿದೆವು, ನಿಮಿಷಕ್ಕೆ 3000 ಸುತ್ತಿನಲ್ಲಿ 10 ನಿಮಿಷ. ಟ್ಯೂಬಿನ ಮಧ್ಯೆ ಹಳದಿ ಬಣ್ಣದ ಮೆತ್ತನೆ ಗಟ್ಟಿ ನಿಲ್ಲುತ್ತದೆ, ಗಾಯ ಮಾಯಲು ನೆರವಾಗುವ ಅಂಶಗಳು ಅದರಲ್ಲಿರುತ್ತವೆ. ಅದೇ ಪಿಆರ್‌ಎಫ್. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಏಣಿನ ಮೇಲೆ ಕೊಯ್ದು ಒಸಡನ್ನು ಮೂಳೆಯ ಸಿಪ್ಪೆಯ ಸಮೇತ ಎತ್ತಿದೆ. ಕೆನ್ನೆಯ ಕಡೆ ಮುಂಭಾಗದಲ್ಲಿ ಕೆಳತುಟಿಗೆ ಹೋಗುವ ನರ ಹೊರಬರುತ್ತದೆ, ಅದನ್ನು ಬಿಟ್ಟು ಕೊಯ್ಯಬೇಕು. ನಾಲಿಗೆಯ ಕಡೆಯೂ ನರವಿದೆ, ಅಲ್ಲಿ ಅವಸರ ಸಲ್ಲದು. ಮೂಳೆ ಕಣ್ಣಿಗೆ ಬಿದ್ದಾಗ ಸ್ಕ್ಯಾನಿನಲ್ಲಿ ಕಂಡ ಹಾಗೇ ಇತ್ತು. ಮೇಲೆ ಕತ್ತಿಯಂತೆ ಸಣ್ಣ ಏಣು, ಕೆನ್ನೆಯ ಕಡೆ ತಗ್ಗು.

ಆ ತಗ್ಗಿನಲ್ಲಿ ಅಂಟಿದ್ದ ಎಳೆಗಳನ್ನೆಲ್ಲ ಕೆರೆದು ತೆಗೆದೆ. ಆಮೇಲೆ ಸಣ್ಣ ಗುಂಡು ಬರ್‌ನಿಂದ ಹೊರಗಡೆಯ ಗಟ್ಟಿ ಪದರದಲ್ಲಿ ಅಲ್ಲಲ್ಲಿ ತೂತು ಮಾಡಿದೆ, ಸಲೈನ್ ಬಿಟ್ಟುಕೊಂಡು ನಿಧಾನವಾಗಿ. ಪ್ರತಿ ತೂತಿನಿಂದಲೂ ಕೆಂಪಗೆ ರಕ್ತದ ಚುಕ್ಕೆ ಎದ್ದು ಬರಬೇಕು. ಬರಲಿಲ್ಲ ಅಂದರೆ ಇನ್ನೂ ಸ್ವಲ್ಪ ಒಳಕ್ಕೆ ಹೋಗಬೇಕು ಅಂತ ಅರ್ಥ. ಕೆಳದವಡೆಯ ಮೂಳೆ ಗಟ್ಟಿ, ರಕ್ತ ಕಡಿಮೆ. ಈ ಕೆಲಸ ತಪ್ಪಿಸಿ ಪುಡಿ ಸುರಿದರೆ ಅದು ಅಲ್ಲಿ ಸುಮ್ಮನೆ ಕೂತಿರುತ್ತದೆ ಅಷ್ಟೆ.

ಮೂಳೆಯ ಬಾಟಲಿ ತೆರೆಯುವ ಮೊದಲು ಲೇಬಲನ್ನು ಅಸಿಸ್ಟೆಂಟ್ ಜೋರಾಗಿ ಓದುತ್ತಾರೆ. ಬ್ಯಾಚ್ ನಂಬರ್, ಅವಧಿ, ಕಿರಣ ಹಾಯಿಸಿದ ಗುರುತು. ಪುಡಿ ನೋಡಲು ಬೆಳ್ಳಗೆ, ಸ್ವಲ್ಪ ಕೆನೆ ಬಣ್ಣ. ಕಣಗಳು ಕಾಲು ಮಿ.ಮೀ.ನಿಂದ 1 ಮಿ.ಮೀ.ವರೆಗೆ ಇರುತ್ತವೆ. ತೀರಾ ಸಣ್ಣದಾದರೆ ರಕ್ತನಾಳ ನುಗ್ಗಲು ಸಂದು ಸಿಗುವುದಿಲ್ಲ, ಬೇಗ ಕರಗಿಯೂ ಹೋಗುತ್ತದೆ. ಸ್ಟೀಲ್ ಬಟ್ಟಲಿಗೆ ಹಾಕಿ ಸಲೈನಿನಲ್ಲಿ ನೆನೆಸಿದೆವು, ಗಾಯದಿಂದಲೇ ಎಳೆದ ಒಂದಿಷ್ಟು ರಕ್ತ ಸೇರಿಸಿದೆವು, ಕೆರೆದು ತೆಗೆದ ಸ್ವಂತ ಮೂಳೆ ಹಾಕಿದೆವು, ಪಿಆರ್‌ಎಫ್ ಚೂರು ಚೂರು ಕತ್ತರಿಸಿ ಬೆರೆಸಿದೆವು. ಹದ ಮುಖ್ಯ. ಚಮಚದಲ್ಲಿ ಎತ್ತಿದರೆ ಉದುರಬಾರದು, ನೀರೂ ತೊಟ್ಟಿಕ್ಕಬಾರದು. ತಗ್ಗಿಗೆ ಇಟ್ಟು ಮೆಲ್ಲಗೆ ಒತ್ತಬೇಕು, ಗಟ್ಟಿಯಾಗಿ ಅದುಮಬಾರದು. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇಡುತ್ತೇನೆ, ಒಂದಿಷ್ಟು ಕರಗಿಯೇ ಕರಗುತ್ತದೆ.

ಮೇಲೆ ಮೆಂಬ್ರೇನ್. ಒಸಡಿನ ಕೋಶಗಳು ಮೂಳೆಯ ಕೋಶಗಳಿಗಿಂತ ಬಹಳ ಚುರುಕು, ಬಿಟ್ಟರೆ ಅವೇ ಬಂದು ಜಾಗ ತುಂಬಿಬಿಡುತ್ತವೆ. ಅವನ್ನು ಕೆಲವು ತಿಂಗಳು ಹೊರಗೆ ನಿಲ್ಲಿಸುವುದು ಇದರ ಕೆಲಸ. ದನ, ಹಂದಿಯ ಕೊಲಾಜನ್ ಬೇಡ ಅಂದವರಿಗೆ ಮೀನಿನ ಕೊಲಾಜನ್ ಇದೆ. ಟಿಶ್ಯೂ ಬ್ಯಾಂಕಿನಿಂದ ಬರುವ, ಹೆರಿಗೆಯಾದಾಗ ತಾಯಂದಿರು ದಾನ ಕೊಟ್ಟ ಗರ್ಭಪೊರೆಯ ಮೆಂಬ್ರೇನ್ ಕೂಡ ಇದೆ, ಆದರೆ ಅದು ತುಂಬಾ ತೆಳು, ಆಕಾರ ಹಿಡಿಯುವುದಿಲ್ಲ. ಮೇಷ್ಟ್ರು ಮೀನಿನದ್ದೂ ಬೇಡ ಎಂದು ಮೊದಲೇ ಹೇಳಿದ್ದರು. ಹಾಗಾಗಿ ಗರ್ಭಪೊರೆಯನ್ನು ಎರಡು ಪದರ ಮಾಡಿ, ಕೆಳಗೆ ಪಿಆರ್‌ಎಫ್ ಚಪ್ಪಟೆ ಮಾಡಿ ಹಾಸಿ, ಎರಡೂ ಬದಿ ಹೊಲಿಗೆಯಿಂದ ಬಿಗಿದೆ. ದೊಡ್ಡ ಜಾಗವಾಗಿದ್ದರೆ ಇದು ಸಾಲುತ್ತಿರಲಿಲ್ಲ.

ಇದಾದ ಮೇಲೆ ಬರುವುದೇ ನಿಜವಾದ ಪರೀಕ್ಷೆ. ಒಳಗೆ ಮೂಳೆ ಇಟ್ಟು ದಪ್ಪ ಮಾಡಿದ್ದೇವೆ, ಮೊದಲಿನಷ್ಟೇ ಒಸಡು ಅದನ್ನು ಮುಚ್ಚಬೇಕು. ಎಳೆದು ಹೊಲಿದರೆ ನಾಲ್ಕೈದು ದಿನದಲ್ಲಿ ಬಿಟ್ಟುಕೊಳ್ಳುತ್ತದೆ. ಒಸಡಿನ ಒಳಮೈಯಲ್ಲಿ ಮೂಳೆಯ ಸಿಪ್ಪೆ ಬಿಳಿಯಾಗಿ, ಬಿಗಿಯಾಗಿ ಇರುತ್ತದೆ, ಹಿಗ್ಗುವುದಿಲ್ಲ. ಹೊಸ ಬ್ಲೇಡಿನಿಂದ ಅದರ ಮೇಲೆ ಮಾತ್ರ ಒಂದು ಉದ್ದ ಗೀರು ಎಳೆಯಬೇಕು, ಅರ್ಧ ಮಿ.ಮೀ. ಆಳ ಸಾಕು. ಗೀರಿದ ತಕ್ಷಣ ಒಸಡು ಸಡಿಲವಾಗಿ ಮುಂದಕ್ಕೆ ಬರುವುದು ಕೈಗೆ ತಿಳಿಯುತ್ತದೆ. ನಾಲಿಗೆ ಕಡೆಯ ಅಂಚನ್ನು ದಾಟಿ 5 ಮಿ.ಮೀ.ನಷ್ಟು ಆರಾಮಾಗಿ ಬಂದು ಮಲಗಬೇಕು. ಅಲ್ಲಿಯವರೆಗೂ ನಾನು ಸೂಜಿ ಕೈಗೆತ್ತಿಕೊಳ್ಳುವುದಿಲ್ಲ. ನನ್ನ ಜೊತೆ ಕಲಿಯಲು ಬರುವ ಹುಡುಗ ಹುಡುಗಿಯರಿಗೂ ಇದನ್ನೇ ಹೇಳುತ್ತೇನೆ: ಯಾವ ಕಂಪನಿಯ ಮೂಳೆ ಎಂದು ಕೇಳುವುದರಲ್ಲಿ ಕಳೆಯುವ ಹೊತ್ತನ್ನು ಒಸಡು ಸಡಿಲ ಮಾಡುವುದು ಕಲಿಯಲು ಕಳೆಯಿರಿ. ಒಸಡು ಮುಚ್ಚಿಕೊಂಡೇ ಇದ್ದರೆ ಸಾಧಾರಣ ಮೂಳೆಯೂ ಕೆಲಸ ಮಾಡುತ್ತದೆ. ತೆರೆದುಕೊಂಡರೆ ಎಷ್ಟು ದುಬಾರಿಯದ್ದೂ ಉಪಯೋಗಕ್ಕೆ ಬರುವುದಿಲ್ಲ.

ಎರಡನೇ, ಮೂರನೇ ದಿನ ಕೆನ್ನೆ ಊದುತ್ತದೆ. ಇದನ್ನು ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ಮನೆಯವರು ಗಾಬರಿಯಾಗುತ್ತಾರೆ. ಮೊದಲ ದಿನ ಹೊರಗಿನಿಂದ ಐಸ್. ಊಟಕ್ಕೆ ತಣ್ಣಗಿನ ಗಂಜಿ, ರಾಗಿ ಅಂಬಲಿ, ಚೆನ್ನಾಗಿ ಕಲಸಿದ ಮೊಸರನ್ನ. ಆ ಕಡೆ ಬ್ರಷ್ ಬೇಡ, ಕ್ಲೋರ್‌ಹೆಕ್ಸಿಡಿನ್ ನೀರು ಬಾಯಲ್ಲಿ ಇಟ್ಟುಕೊಂಡು ಮೆಲ್ಲಗೆ ಬಿಡುವುದು, ಜೋರಾಗಿ ಮುಕ್ಕಳಿಸುವುದಿಲ್ಲ. ಕೆನ್ನೆ ಎಳೆದು ಕನ್ನಡಿಯಲ್ಲಿ ನೋಡಿಕೊಳ್ಳುವುದನ್ನು ಎಲ್ಲರೂ ಮಾಡುತ್ತಾರೆ, ಅದನ್ನು ಮಾಡಬಾರದು. ಆ ಜಾಗದ ಮೇಲೆ ಒತ್ತುವ ಹಲ್ಲಿನ ಸೆಟ್ ಇದ್ದರೆ ಹಾಕಿಕೊಳ್ಳಬಾರದು. ಎರಡು ವಾರದ ಹೊತ್ತಿಗೆ ಹೊಲಿಗೆ ತೆಗೆಯುತ್ತೇನೆ.

ಎಲ್ಲರದ್ದೂ ಮೇಷ್ಟ್ರ ಹಾಗೆ ಸಲೀಸಾಗಿ ಆಗುವುದಿಲ್ಲ. ಬೀಡಿ ಬಿಡಲಾಗದ ಒಬ್ಬರಿಗೆ ಮೂರನೇ ವಾರ ಒಸಡು ತೆರೆದು ಮೆಂಬ್ರೇನ್ ಕಾಣಿಸಿತು, ಕಣಗಳು ಮರಳಿನ ಥರ ಬಾಯಿಗೆ ಬರುತ್ತಿವೆ ಎಂದರು. ಇಂಥ ಹೊತ್ತಿನಲ್ಲಿ ಮತ್ತೆ ಎಳೆದು ಹೊಲಿಯಲು ಹೋದರೆ ಇನ್ನೂ ಹರಿಯುತ್ತದೆ. ಸಡಿಲವಾದ ಕಣಗಳನ್ನು ತೆಗೆದು, ದಿನಾ ತೊಳೆಯಲು ಹೇಳಿ, ಕೀವು ಇಲ್ಲ ಎಂದು ಖಚಿತ ಮಾಡಿಕೊಂಡು ಕಾಯಬೇಕು. ಕೆಳಗಿನಿಂದ ಒಸಡು ತಾನಾಗಿಯೇ ತುಂಬಿಕೊಂಡು ಬಂತು. ಸಿಕ್ಕಬೇಕಾದ ಅಗಲದಲ್ಲಿ ಸ್ವಲ್ಪ ಕಡಿಮೆಯಾಯಿತು, ಸಣ್ಣ ದಪ್ಪದ ಇಂಪ್ಲಾಂಟ್ ಹಾಕಿದೆವು.

ಮೇಷ್ಟ್ರನ್ನು ಆರು ತಿಂಗಳು ಕಾಯಿಸಿದೆ. ಮಧ್ಯೆ "ಇನ್ನೂ ಆಗಿಲ್ವಾ ಡಾಕ್ಟ್ರೇ?" ಎಂದು ಕೇಳುತ್ತಲೇ ಇದ್ದರು. ಹೊಸ ಸ್ಕ್ಯಾನಿನಲ್ಲಿ ಏಣಿನ ಅಗಲ 7 ಮಿ.ಮೀ. ದಾಟಿತ್ತು. ಒಸಡು ಎತ್ತಿದಾಗ ಹಳೆಯ ಮೂಳೆ ಯಾವುದು, ಹೊಸದು ಯಾವುದು ಎಂಬ ಗೆರೆ ಹೆಚ್ಚು ಕಡಿಮೆ ಮಾಯವಾಗಿತ್ತು, ಕೆನ್ನೆಯ ಕಡೆ ಒಂದೆರಡು ಬಿಳಿ ಕಣ ಮಾತ್ರ ಗುರುತು ಸಿಗುತ್ತಿದ್ದವು. ಡ್ರಿಲ್ ಇಟ್ಟಾಗ ಕೈಗೆ ಸಿಗುವ ಪ್ರತಿರೋಧದಲ್ಲೇ ಮೂಳೆ ಹೇಗಿದೆ ಎಂದು ತಿಳಿಯುತ್ತದೆ. ಗಟ್ಟಿ ಇತ್ತು, ರಕ್ತವೂ ಬರುತ್ತಿತ್ತು. ಇಂಪ್ಲಾಂಟ್ 35 ನ್ಯೂಟನ್ ಸೆಂಟಿಮೀಟರ್ ಬಿಗಿತಕ್ಕೆ ಹೋಗಿ ನಿಂತಿತು. ಮತ್ತೆ ಮೂರು ತಿಂಗಳು ಬಿಟ್ಟು ಕ್ಯಾಪ್ ಕೂರಿಸಿದೆವು. ತೀರಾ ಆತುರದವರಿಗೆ ಈ ಕೆಲಸ ಹೇಳಿದ್ದಲ್ಲ.

ದಾನಿಯ ಮೂಳೆಯ ಮಿತಿಯೂ ಹೇಳಬೇಕು. ಅಗಲ ಕಟ್ಟುವುದು ಇದರಿಂದ ಚೆನ್ನಾಗಿ ಆಗುತ್ತದೆ, ಎತ್ತರ ಕಟ್ಟುವುದು ಬಹಳ ಕಷ್ಟ. ಪುಡಿ ತಾನಾಗಿ ಮೇಲಕ್ಕೆ ನಿಲ್ಲುವುದಿಲ್ಲ, ಟೈಟಾನಿಯಂ ಜಾಲರಿಯ ಆಸರೆ ಬೇಕು, ತೊಡಕುಗಳೂ ಜಾಸ್ತಿ. ಅಂಥ ಕಡೆ 6 ಮಿ.ಮೀ. ಉದ್ದದ ಗಿಡ್ಡ ಇಂಪ್ಲಾಂಟ್ ಸಾಕಾಗುತ್ತದಾ ಎಂದು ಮೊದಲು ನೋಡುತ್ತೇನೆ. ಮೇಲ್ದವಡೆಯ ಹಿಂಭಾಗದಲ್ಲಿ ಸೈನಸ್ (ಮೂಗಿನ ಪಕ್ಕದ ಗಾಳಿ ತುಂಬಿದ ಟೊಳ್ಳು) ಕೆಳಗಿಳಿದಿದ್ದರೆ ಅದರ ಪೊರೆಯನ್ನು ಎತ್ತಿ ಕೆಳಗೆ ಇದೇ ಮೂಳೆ ತುಂಬುತ್ತೇವೆ, ಅಲ್ಲಿ ನಾಲ್ಕೂ ಕಡೆ ಗೋಡೆ ಸಿಗುವುದರಿಂದ ಫಲಿತಾಂಶ ಒಳ್ಳೆಯದು. ಮೂಳೆ ಸವೆತಕ್ಕೆ ಜೊಲೆಡ್ರೊನಿಕ್ ಆಸಿಡ್ ಥರದ ಇಂಜೆಕ್ಷನ್ ತೆಗೆದುಕೊಳ್ಳುವವರು, ಬಾಯಿಯ ಕ್ಯಾನ್ಸರಿಗೆ ದವಡೆಗೆ ರೇಡಿಯೇಷನ್ ಆದವರು ದಯವಿಟ್ಟು ಅದನ್ನು ಮುಚ್ಚಿಡಬೇಡಿ. ಅವರಲ್ಲಿ ದವಡೆಯ ಮೂಳೆಯೇ ಕೊಳೆಯುವ ಅಪಾಯ ಇರುತ್ತದೆ.

ಇಷ್ಟೆಲ್ಲ ದೊಡ್ಡ ಆಪರೇಷನ್ ತಪ್ಪಿಸುವ ದಾರಿ ಹಲ್ಲು ಕೀಳುವ ದಿನವೇ ಇದೆ, ಅದನ್ನು ಕೇಳುವವರು ಕಡಿಮೆ. ಕಿತ್ತ ಗುಳಿಗೆ ಅವತ್ತೇ ದಾನಿಯ ಮೂಳೆ ತುಂಬಿ ಮೇಲೆ ಮುಚ್ಚಿದರೆ ಏಣು ಅಷ್ಟಾಗಿ ಕುಸಿಯುವುದಿಲ್ಲ. ಪೂರ್ತಿ ತಡೆಯುತ್ತದೆ ಎಂದು ಹೇಳುವುದಿಲ್ಲ, ಆದರೆ ಮೂರು ನಾಲ್ಕು ತಿಂಗಳ ನಂತರ ಸಲೀಸಾಗಿ ಇಂಪ್ಲಾಂಟ್ ಹಾಕುವಷ್ಟು ಉಳಿಯುತ್ತದೆ. ಖರ್ಚೂ ಕಡಿಮೆ, ನೋವೂ ಕಡಿಮೆ. ಮುಂದೆ ಇಂಪ್ಲಾಂಟ್ ಹಾಕಿಸುವ ಯೋಚನೆ ಇದ್ದರೆ ಹಲ್ಲು ಕೀಳಿಸುವ ಮೊದಲೇ ನಿಮ್ಮ ಡಾಕ್ಟರ್ ಹತ್ತಿರ ಇದನ್ನು ಕೇಳಿ.

ಗ್ರಾಫ್ಟ್ ಮಾಡಿಸಿಕೊಂಡರೆ ಇನ್ನೊಂದು ವಿಷಯ ಕೇಳಿ ಪಡೆಯಿರಿ. ಮೂಳೆಯ ಪ್ಯಾಕಿನಲ್ಲಿ ಬ್ಯಾಚ್ ನಂಬರ್ ಇರುವ ಸಣ್ಣ ಸ್ಟಿಕರುಗಳು ಬರುತ್ತವೆ. ಒಂದು ನಮ್ಮ ಫೈಲಿಗೆ, ಒಂದು ನಿಮಗೆ. ಮುಂದೆ ಯಾವತ್ತಾದರೂ ಆ ಬ್ಯಾಚಿನ ಬಗ್ಗೆ ಪ್ರಶ್ನೆ ಬಂದರೆ ಅದೊಂದೇ ದಾಖಲೆ. ಮನುಷ್ಯರ ಮೂಳೆಯೋ, ದನದ್ದೋ, ಸಿಂಥೆಟಿಕ್ಕೋ, ಮೆಂಬ್ರೇನ್ ಯಾವುದರದ್ದು, ಇಷ್ಟನ್ನೂ ಬರೆದುಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. ಮತ್ತೆ, ದಾನ ಕೊಡುವ ಮನಸ್ಸಿದ್ದವರಿಗೆ: ನಮ್ಮ ರಾಜ್ಯದಲ್ಲಿ ಅಂಗಾಂಗ ದಾನದ ಕೆಲಸ ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ. ಕಣ್ಣು, ಕಿಡ್ನಿಯ ಜೊತೆಗೆ ಮೂಳೆ, ಚರ್ಮವನ್ನೂ ದಾನ ಮಾಡಬಹುದು. ನಿಮ್ಮ ಮನೆಯಲ್ಲಿ ಯಾರಿಗಾದರೂ ಸೊಂಟದ ಕೀಲಿನ ಆಪರೇಷನ್ ಇದ್ದರೆ, ತೆಗೆದ ಮೂಳೆಯನ್ನು ಟಿಶ್ಯೂ ಬ್ಯಾಂಕಿಗೆ ಕೊಡುವ ವ್ಯವಸ್ಥೆ ಆ ಆಸ್ಪತ್ರೆಯಲ್ಲಿ ಇದೆಯಾ ಎಂದು ಆಪರೇಷನ್‌ಗೆ ಮುಂಚೆಯೇ ವಿಚಾರಿಸಿ.